ಹಳದಿ ಬಿಲ್ಲೆ

ಬೆಟ್ಟವಿಳಿದು ಬರುವ ಗಾಳಿಗೆ ಇಲ್ಲಿ ಸುಯೆತ್ ಎಂದು ಹೆಸರು.
ಅದು ಬರುವ ಮುಂಚೆ ಕಡಲು ಬೂದಿಯಾಗುತ್ತದೆ,
ನನ್ನ ಮಂಡಿ ನೋಯುತ್ತದೆ,
ಕುರುಡು ಕುದುರೆ ತಾನಾಗಿಯೇ ಕೊಟ್ಟಿಗೆಯ ಒಳಮೂಲೆಗೆ ಸರಿಯುತ್ತದೆ.
ಆಗ ಫಿರ್ಮಿನ್ ಕೋಳಿಗೂಡಿನ ಸೂರಿಗೆ ಹಗ್ಗ ಬಿಗಿದು
ಹಳೆಯ ಲಂಗರೊಂದನ್ನು ಇಳಿಬಿಡುತ್ತಾನೆ.
ಅವನಪ್ಪ ದೋಣಿ ಮಾರಿದಾಗ ಉಳಿದದ್ದು ಅದೊಂದೇ.

ಕುದುರೆ ಬಂದದ್ದು ಮಾರ್ಗರಿ ಹೊಳೆಯ ಕಡೆಯಿಂದ,
ಯಜಮಾನ ತೀರಿಹೋದ ಮನೆಯಿಂದ.
ಆಮೇಲೆ ಕತ್ತೆ,
ಗೊರಸು ಜರಿಜೋಡಿನ ತುದಿಯ ಹಾಗೆ ಮೇಲಕ್ಕೆ ಸುರುಳಿ ಸುತ್ತಿ.
ಮೊಟ್ಟೆ ಕಾರ್ಖಾನೆ ಮುಚ್ಚಿದ ವರ್ಷ ಹದಿಮೂರು ಕೋಳಿ,
ಮೈಮೇಲೆ ಪುಕ್ಕವಿಲ್ಲ, ನೆಲ ಕಂಡರೆ ಹೆದರಿಕೆ;
ಹುಲ್ಲಿನ ಮೇಲೆ ಕಾಲಿಡಲು ವಾರ ಹಿಡಿಯಿತು.
ಬಂದದ್ದೆಲ್ಲ ಹಸಿವು ಹೊತ್ತೇ ಬಂತು.
ಅಷ್ಟೂ ಹಸಿವಿಗೆ ಉಣಿಸುವುದು
ಹದಿನಾರು ಆಡುಗಳ ಕೆಚ್ಚಲು, ನನ್ನ ಹತ್ತು ಬೆರಳು.
ಇಗರ್ಜಿಯಲ್ಲಿ ಕೈಮುಗಿದರೂ ಮೂಗಿಗೆ ಹಾಲಿನ ವಾಸನೆ.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ,
ಅದೇ ಕಷ್ಟ.
ಬೇಲಿಯಾಚೆ ಕುರಿಗೊಲ್ಲಿ ಬೆಳೆಯುತ್ತದೆ,
ಮುದ್ದಾದ ಗುಲಾಬಿ ಬಣ್ಣದ ಹೂವು;
ಎಲೆ ಮೆದ್ದರೆ ಹಸಿರು ನೊರೆ ಕಕ್ಕಿ ಮಗುಚುತ್ತವೆ.
ಒಂದು ಇಡೀ ರಾತ್ರಿ ಆಡಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ.
ಪ್ರತಿ ಜೂನಿನಲ್ಲಿ ಮೂವರೂ ಬಗ್ಗಿ ಬೇರುಸಹಿತ ಕೀಳುತ್ತೇವೆ.
ಮತ್ತೆ ಬರುತ್ತದೆ.

ಹಾಲು ಬೇಕೆಂದರೆ ಆಡು ಈಯಬೇಕು,
ಈದರೆ ಅರ್ಧಕ್ಕರ್ಧ ಹೋತಮರಿ.
ಚೀಸ್ ಕೊಳ್ಳಲು ಬರುವವರಿಗೆ ನಾವಿದನ್ನು ಹೇಳುವುದಿಲ್ಲ,
ಅವರೂ ಕೇಳುವುದಿಲ್ಲ.
ಕುರುಡು ಕುದುರೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು
ನಿಮ್ಮದು ದೊಡ್ಡ ಮನಸ್ಸು ಅನ್ನುತ್ತಾರೆ.
ನಾನು ಚಿಲ್ಲರೆ ಎಣಿಸುತ್ತೇನೆ.

ಹೆಸರಿಟ್ಟದ್ದನ್ನು ಮಾರುವಂತಿಲ್ಲ, ಇದು ಮನೆಯ ಕಟ್ಟಳೆ.
ಹಾಗಾಗಿ ಹೋತಮರಿಗಳಿಗೆ ಹೆಸರಿಲ್ಲ.
ಕಿವಿಯಲ್ಲೊಂದು ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಅಂಕಿ.

ಈ ಸಲ ಈಸ್ಟರಿಗೆ ಹತ್ತು ದಿನವಿರುವಾಗ, ಗಾಳಿ ನಿಂತ ಬೆಳಗ್ಗೆ,
ಫಿರ್ಮಿನ್ ಒಂಬತ್ತು ಮರಿಗಳನ್ನು ಗಾಡಿಗೆ ಹತ್ತಿಸಿದ.
ಝೆಲಿ ಬಾಗಿಲಲ್ಲಿ ನಿಂತಿದ್ದಳು, ಒಂದೇ ಕಾಲಿಗೆ ಬೂಟು.
"ಮತ್ತೆ ಕತ್ತೆಯನ್ನ ಯಾಕೆ ಉಳಿಸಿದ್ದು?"
ಅವನು ಅಗುಳಿಯನ್ನು ಎರಡೆರಡು ಸಲ ಹಾಕಿ ನೋಡಿದ.
"ಅದನ್ನ ಯಾರೂ ಕೊಳ್ತಿರಲಿಲ್ಲ," ಅಂದ.

ತಾಯಾಡುಗಳು ಬೇಲಿಯುದ್ದಕ್ಕೂ ನಡೆದು ನಡೆದು ಕೂಗಿದವು.
ನಾನು ಹಾಲು ಕರೆದೆ. ಆ ದಿನ ಹೆಚ್ಚೇ ಇತ್ತು.

ಸಂಜೆ ಗಾಡಿ ಬಂತು. ಹಿಂದೆ ಖಾಲಿ.
ಮುಂದಿನ ಸೀಟಿನಲ್ಲಿ ಅವನ ಕೋಟು ಹೊದ್ದುಕೊಂಡು
ಕೊಕ್ಕು ಮುರಿದ ಒಂದು ಹೆಬ್ಬಾತು.
ಕಟುಕ ಪ್ಲಾಸಿಡ್‌ನ ಹಿತ್ತಲಲ್ಲಿ ನಿಂತಿತ್ತಂತೆ,
ಬೇಕಾದರೆ ಒಯ್ಯಿ ಅಂದನಂತೆ.
"ನನ್ನನ್ನೇ ನೋಡ್ತಿತ್ತು," ಅಂದ ಫಿರ್ಮಿನ್, ನೆಲ ನೋಡುತ್ತ.
ನನಗೆ ನಗು ಬಂತು. ತಡೆಯಲಾಗದೆ ಹುಲ್ಲಟ್ಟಕ್ಕೆ ಹೋಗಿ ನಕ್ಕೆ.
ಸ್ವಲ್ಪ ಹೊತ್ತಿನ ಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಝೆಲಿ ಮೂರು ದಿನ ಅಪ್ಪನ ಜೊತೆ ಟೂ.
ನೆನೆಸಿದ ಜೋಳವನ್ನು ಬೊಗಸೆಯಲ್ಲಿ ಹಿಡಿದು
ಹೆಬ್ಬಾತಿಗೆ ಮಾತ್ರ ಉಪಚಾರ.
ನಾಲ್ಕನೆಯ ದಿನ ಅಂಗಳದಿಂದ ಕೂಗಿದಳು: "ಬಾರೋ ಬಾಸ್ತಿಯೆನ್!"
ಅದು ಹೆಣ್ಣು ಕಣೇ, ಅನ್ನಲು ಬಾಯಿ ತೆರೆದವಳು
ಹಾಲಿನ ಕ್ಯಾನು ಉಕ್ಕಿತೆಂದು ಓಡಿದೆ.

ರಾತ್ರಿ ಹಿಂಡಿಯ ಪೆಟ್ಟಿಗೆ ಖಾಲಿಯಾಗಿತ್ತು.
ತೊಳೆಯೋಣವೆಂದು ಮುಚ್ಚಳ ಮಗುಚಿದೆ.
ಒಳಮೈ ತುಂಬ ಸೀಮೆಸುಣ್ಣ, ಅವಳ ಓರೆ ಅಕ್ಷರ.
ನಾಲ್ಕು ವರ್ಷದ ಮರಿಗಳು:
ಅಂಕಿ, ಅಂಕಿಯ ಮುಂದೆ ಹೆಸರು.
ಕಟ್ಟಕಡೆಯ ಸಾಲು
ಮೂವತ್ತೇಳು, ಬಾಸ್ತಿಯೆನ್.

ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ತೊಟ್ಟಿಕ್ಕುತ್ತಿತ್ತು.
ಪೆಟ್ಟಿಗೆಯನ್ನಷ್ಟೇ ತೊಳೆದೆ.
ಹೊರಗೆ ಮತ್ತೆ ಗಾಳಿ ಏಳುತ್ತಿತ್ತು,
ಫಿರ್ಮಿನ್ ಸೂರಿನಡಿ ಲಂಗರು ಎಳೆದು ತರುತ್ತಿದ್ದ ಸದ್ದು,
ಅವನ ಹಿಂದೆಯೇ, ಗದರಿದರೂ ಬಿಡದೆ, ಆ ಬಾತಿನ ಸದ್ದು.