ಮೂರನೆಯ ಹಾಡಿನ ಗೀರು

ಕೂತುಕೊಳ್ಳಿ ಯೋಸ್ಟ್. ಆ ಕುರ್ಚಿ ಬೇಡ,
ಅದರ ಹಿಂಗಾಲು ನಂಬಿಕೆಗೆ ಸಲ್ಲದು.
ಉಟ್ರೆಕ್ಟಿನಿಂದ ಮುಫುಲಿರಾಕ್ಕೆ
ಒಂದು ತಟ್ಟೆಗಾಗಿ ಬಂದಿದ್ದಾರೆ ಅಂದರೆ
ಪಕ್ಕದ ಮನೆಯವಳು ನಗುತ್ತಾಳೆ:
ಆ ದೇಶದಲ್ಲಿ ಊಟಕ್ಕಿಲ್ಲವೇ?

ಇಗೋ. ಚಿತೆಂಗೆ ಬಟ್ಟೆಗಳ ಅಡಿಯಲ್ಲಿತ್ತು,
ನುಸಿಗುಳಿಗೆಯ ವಾಸನೆ ಹತ್ತಿದೆ, ಕ್ಷಮಿಸಿ.
ರಟ್ಟಿನ ಮೇಲೆ ಮೂರು ತಲೆಯ ಹದ್ದು, ನೇರಳೆ ಹೊಗೆ,
ಹೊಗೆಯೊಳಗೆ ಐದು ಹುಡುಗರು.
ಆನೆಕಿವಿಯಂಥ ಪ್ಯಾಂಟು ತೊಟ್ಟವನು
ನನ್ನಣ್ಣ ಕಬಾಸೊ.
ಪ್ಯಾಂಟು ಹೊಲಿದದ್ದು ಅಮ್ಮ, ಪರದೆ ಕತ್ತರಿಸಿ.

ತಂಡದ ಹೆಸರು ಸೆಂಟಾ.
ಯಾವುದೋ ಪರಿಮಳ ಅಂದುಕೊಂಡಿರಿ ನೀವು.
ಅಲ್ಲ. ತಾಮ್ರದ ಕುಲುಮೆ ಉಗುಳುವ ಗಂಧಕದ ಹೊಗೆಗೆ
ನಾವಿಟ್ಟ ಮುದ್ದಿನ ಹೆಸರು ಅದು.
ಗಾಳಿ ಇತ್ತ ತಿರುಗಿದ ದಿನ
ಬಾಳೆಯ ಎಲೆ ಸುಟ್ಟು ಹೋಗುತ್ತಿತ್ತು,
ತಗಡಿನ ಸೂರು ಜರಡಿಯಾಗುತ್ತಿತ್ತು.
ಹುಡುಗರು ಅದಕ್ಕೇ ತಂತಿ ಬಿಗಿದರು.

ಸೈಕೆಡೆಲಿಕ್ ಅನ್ನುತ್ತೀರಿ.
ನಮಗೂ ಆ ಪದ ಗೊತ್ತಿತ್ತು,
ಪದಾರ್ಥ ಗೊತ್ತಿರಲಿಲ್ಲ.
ಎರಡು ಪಾಳಿ ನಿದ್ದೆಗೆಟ್ಟು ಮೇಲೆ ಬಂದವನಿಗೆ
ಬಣ್ಣ ಕಾಣಲು ಬೇರೇನು ಬೇಕು?
ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ ಅಣ್ಣ,
ಗಿಟಾರು ಗೊಗ್ಗರು ದನಿಯಲ್ಲಿ ಗುಡುಗಲಿ ಎಂದು.
ಗುಡುಗಿತು. ಅಪ್ಪ ಎದ್ದು ಹೊರಗೆ ಹೋದರು.

ಈ ಗೀರು ನನ್ನದು.
ನನಗೆ ಹದಿನೇಳು, ಅಕ್ಟೋಬರಿನ ಸ್ವಾತಂತ್ರ್ಯದ ರಾತ್ರಿ,
ಗೆಳತಿಯಿಂದ ಎರವಲು ತಂದ ಎತ್ತರದ ಹಿಮ್ಮಡಿಯ ಬೂಟು.
ಕುಣಿದೆ. ಮೇಜಿಗೆ ತಗುಲಿತು.
ಮುಳ್ಳು ಕಿರುಚಿ ಅಡ್ಡಡ್ಡ ಓಡಿತು.
ಅಣ್ಣ ಬೈಯಲಿಲ್ಲ. ಮುಳ್ಳೆತ್ತಿ ಉಫ್ ಎಂದು ಊದಿದ, ಅಷ್ಟೆ.

ಅಂದಿನಿಂದ ಮೂರನೆಯ ಹಾಡಿಗೆ ಒಂದು ನೆಗೆತ.
‘ಕೆಳಗಿಳಿದರೆ ಅಮ್ಮಾ’ ಅನ್ನುತ್ತಿದ್ದಂತೆ
ಟಕ್,
‘ದೀಪವೂ ನನ್ನ ನಂಬಲಿಲ್ಲ’.
ಹಾಗೆಯೇ ಕಲಿತೆವು. ನನ್ನ ಮಕ್ಕಳೂ
ಆ ಟಕ್ಕನ್ನು ನಾಲಗೆಯಲ್ಲಿ ಬಡಿದೇ ಹಾಡುತ್ತಾರೆ.
ಮದುವೆಯೊಂದರಲ್ಲಿ ಇಡೀ ಚಪ್ಪರ ಟಕ್ ಅಂದದ್ದುಂಟು.

ನೀವೀಗ ಚೀಲದಿಂದ ಇನ್ನೊಂದು ತೆಗೆದಿರಿ.
ನೈರೋಬಿಯ ಗೋದಾಮಿನಲ್ಲಿ ಸಿಕ್ಕಿದ್ದು,
ಯಾರ ಬೆರಳೂ ಸೋಕದ ಕಪ್ಪು.
ನಿಮ್ಮದಕ್ಕೆ ರಟ್ಟಿಲ್ಲ, ನನ್ನದಕ್ಕೆ ಮೈಯಿಲ್ಲ,
ಸಂಬಂಧ ಕುದುರಿಸಲು ಬಂದ ದಲ್ಲಾಳಿ ನೀವು.
ಪುಟ್ಟ ಪೆಟ್ಟಿಗೆಗೆ ಬ್ಯಾಟರಿ ಹಾಕಿ ತಿರುಗಿಸಿದಿರಿ.

‘ಕೆಳಗಿಳಿದರೆ ಅಮ್ಮಾ’.
ನನ್ನ ನಾಲಗೆ ಟಕ್ ಅಂದಿತು, ಒಂಟಿಯಾಗಿ.
ಮುಳ್ಳು ನೆಗೆಯಲಿಲ್ಲ.
ಅಲ್ಲಿ ಎರಡು ಉಸಿರಿನಷ್ಟು ಜಾಗವಿತ್ತು,
ಆ ಜಾಗದಲ್ಲಿ ಅಣ್ಣ ಕೆಮ್ಮಿದ.

ಎಷ್ಟು ಸಹಜ ಎಂದು ತಲೆದೂಗಿದಿರಿ.

ಮೂವತ್ತೊಂದು ವರ್ಷ, ಯೋಸ್ಟ್,
ಗಣಿ ಆಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ
ಸಿಸ್ಟರ್ ಎಸ್ನಾರ್ಟ್ ಎಂದರೆ ನಾನೇ.
ಒಣಕೆಮ್ಮು, ಹಸಿಕೆಮ್ಮು,
ಡಾಕ್ಟರು ಬಂದಾಗ ಅದುಮಿಟ್ಟುಕೊಳ್ಳುವ ಕೆಮ್ಮು,
ಕೆಲಸ ಹೋಗದಿರಲೆಂದು ನಗುವಿನೊಳಗೆ ಬೆರೆಸುವ ಕೆಮ್ಮು.
ಬಾಗಿಲ ಆಚೆ ನಿಂತೇ ಹೇಳಬಲ್ಲೆ
ಯಾವ ಹಾಸಿಗೆ ಯಾವಾಗ ಖಾಲಿಯಾಗುತ್ತದೆಂದು.

ತಟ್ಟೆ ಎಪ್ಪತ್ನಾಲ್ಕರದು.
ನಮ್ಮ ಕಿವಿಗೆ ಅದು ಬಿದ್ದದ್ದು ಎಪ್ಪತ್ತೊಂಬತ್ತರಲ್ಲಿ.
ಎಕ್ಸ್‌ರೇ ಹಿಡಿದು ಬೆಳಕಿಗೆ ಒಡ್ಡಿದಾಗ
ಸೀಳಿದ ಸ್ಪೀಕರು ನೆನಪಾಯಿತು.
ಯಾರಿಗೂ ಹೇಳಲಿಲ್ಲ ಅದನ್ನ.

ಹೊಸ ಮುದ್ರಣದಲ್ಲಿ ಆ ಕೆಮ್ಮು ಒರೆಸಿಬಿಡಬಹುದು,
ಕಂಪ್ಯೂಟರಿಗೆ ಒಂದು ನಿಮಿಷದ ಕೆಲಸ, ಅನ್ನುತ್ತೀರಿ.
ನನ್ನ ಹಿಮ್ಮಡಿಗೆ ಅಷ್ಟೂ ಹಿಡಿದಿರಲಿಲ್ಲ.

ರಟ್ಟು ತೆಗೆದುಕೊಳ್ಳಿ, ಹದ್ದು, ಹೊಗೆ, ಪರದೆಯ ಪ್ಯಾಂಟು, ಎಲ್ಲ.
ದುಡ್ಡು ಆಮೇಲೆ ಮಾತಾಡೋಣ, ಕಡಿಮೆಯಂತೂ ಮಾಡುವುದಿಲ್ಲ.
ಕಡಲೆಕಾಯಿ ಹುರಿದಿದ್ದೇನೆ, ತಿನ್ನಿ.
ನಿಮ್ಮ ತಟ್ಟೆ ಇನ್ನೊಮ್ಮೆ ಹಾಕಿ.
ಪೂರ್ತಿ ಬೇಡ, ಆ ಜಾಗ.
ಸ್ವಲ್ಪ ಹಿಂದಿನಿಂದ.
ಬ್ಯಾಟರಿ ಇದೆಯಲ್ಲ?