ಕಿಲುಬು

ಹತ್ತಕ್ಕ ಜನರನ್ನ ಒಳಗ ಬಿಡ್ತಾರ.
ಅದಕ್ಕ ಮೊದಲಿನ ಒಂದು ತಾಸು
ಕೊಲ್ಹಾಪುರದ ಈ ಹಳೇ ಕಟ್ಟಡ
ನಂದು, ನನ್ನ ಕಸಬರಿಗೀದು,
ಮತ್ತ ಗಾಜಿನೊಳಗ ನಿಂತ ಆ ಗೇಣುದ್ದ ಗಂಡಸಂದು.

ಮೈಮ್ಯಾಲ ಅರಿವಿಲ್ಲ. ಗಡ್ಡ ಐತಿ.
ಒಂದು ಕೈ ಮ್ಯಾಲೆತ್ತ್ಯಾನ, ಬಸ್ಸಿನ ಕಂಬಿ ಹಿಡದಾಂಗ.
ಹಿಡಿಯಾಗ ಏನೂ ಇಲ್ಲ.
ತ್ರಿಶೂಲ ಇತ್ತಂತ.
"ಹಂಗಾರ ಶಿವಾ ಏನ್ರೀ?" ಅಂದೆ ಮೊದಲ ದಿನ.
ಪಡವಳ್ ಸಾಹೇಬರು ನಕ್ಕರು:
ಅಲ್ಲ ಬಾಯಿ, ರೋಮನ್ನರ ಕಡಲದೇವರು,
ಎರಡು ಸಾವಿರ ವರ್ಷದ ಹಿಂದ ಹಡಗ ಹತ್ತಿ ಬಂದವ,
ಬ್ರಹ್ಮಪುರಿ ದಿನ್ನಿ ಅಗದಾಗ ಸಿಕ್ಕವ.

ರೋಮ ಅಂದ್ರ ನಮ್ಮ ಮಾತಿನಾಗ ಮೈಕೂದಲು.
ಇವನ ಎದಿಮ್ಯಾಲ ಒಂದೂ ಇಲ್ಲ.

ಕಡಲು ನಾ ನೋಡಿಲ್ಲ.
ನೂಲದಾಗ ಹುಟ್ಟಿ, ಗಡಹಿಂಗ್ಲಜಕ್ಕ ಲಗ್ನಾಗಿ ಬಂದು,
ಹಿರಣ್ಯಕೇಶಿ, ಪಂಚಗಂಗಿ, ಇಷ್ಟ ನನ್ನ ನೀರು.
ಇಂವಾ ಕಡಲು ಬಿಟ್ಟು ಘಟ್ಟ ಏರಿ
ಯಾವ ಎತ್ತಿನ ಬೆನ್ನಮ್ಯಾಲೋ, ಯಾರ ಗಂಟಿನೊಳಗೋ,
ಅರಳಿ ಮೂಟಿಗೆ ಬದಲಾಗಿ
ಕಡಲಿಲ್ಲದ ಊರಿಗೆ ಬಂದ.
ಬಂದು ಏನ ಮಾಡ್ದ? ಕಬ್ಬಿನ ಊರಾಗ ಇವಗೇನು ಕೆಲಸ?

ಕೈ ತುರಸ್ತಿತ್ತು ನನಗ.
ಮೈತುಂಬ ಹಸರ ಕಿಲುಬು.
ನಮ್ಮವ್ವ ಹುಣಸಿಹಣ್ಣು, ಬೂದಿ, ತೆಂಗಿನ ನಾರು ಹಿಡದ್ರ
ನೀರಿನ ಹಂಡೆ ಹೊತ್ತು ಮೂಡಿದಾಂಗ ಬೆಳಗಾಕಿ.
"ಒಂದ ಸಲ ಕೊಡ್ರಿ, ಹೊಸಾದು ಮಾಡಿಕೊಡ್ತೀನಿ."
ಸಾಹೇಬರ ಮಾರಿ ಬಿಳಚಿತು.
"ಆ ಹಸರ ತಗದ್ರ ಎರಡು ಸಾವಿರ ವರ್ಷ ತಗದಾಂಗ, ಬಾಯಿ."

ಹಂಗಾರ ನಮ್ಮವ್ವ
ಶುಕ್ರವಾರಕ್ಕೊಮ್ಮೆ ಎಷ್ಟು ವರ್ಷ ತಿಕ್ಕಿ
ಬಚ್ಚಲಕ್ಕ ಚೆಲ್ಲ್ಯಾಳೋ.

ನಮ್ಮ ಮನಿಯವ್ರು (ಹೆಸರು ಹೇಳಾಂಗಿಲ್ಲ) ಕಂಚುಗಾರ್ರು.
ಸ್ಟೀಲು ಬಂತು, ಕುಲುಮಿ ಆರಿತು,
ಈಗ ಶಾಹೂಪುರಿಯಾಗ ಗೇಟಿನ ವೆಲ್ಡಿಂಗು.
ಒಂದು ರವಿವಾರ ತಿಕೀಟು ತಗಸಿ ಕರಕೊಂಡು ಬಂದೆ.
ಟೊಪ್ಪಿಗಿ ತಗದು ಗಾಜಿಗೆ ಮೂಗು ಹಚ್ಚಿ ನಿಂತರು.
ದೇವರ ಮಾರಿ ನೋಡಲಿಲ್ಲ.
ಹಿಂಬಡ ನೋಡಿದ್ರು, ಕಂಕುಳ ನೋಡಿದ್ರು,
ಬೆರಳಿನ ಸಂದಿ ನೋಡಿದ್ರು.
ಭಾಳೊತ್ತಿನ ಮ್ಯಾಲ ಅಂದ್ರು:
"ಮೇಣದ ಕೆಲಸ. ನಮ್ಮದ.
ಹಿಂಬಡದಾಗ ಗಾಳಿ ಸಿಕ್ಕು ತೂತು ಬಿದ್ದಿತ್ತು,
ಮುಚ್ಚಿ ತೇದಾನ.
ಗಿರಾಕಿಗೆ ಹೇಳಿಲ್ಲ ಮಗ."

ನಕ್ಕರು.
ಕುಲುಮಿ ಆರಿದಾಗಿಂದ ಆ ನಗಿ ನಾ ಕಂಡಿದ್ದಿಲ್ಲ.
ಎಂದೋ ಸತ್ತ, ಎಲ್ಲಿಯವನೋ ಒಬ್ಬನ
ಕಳ್ಳತನ ಹಿಡದಿದ್ರು,
ಹಿಡದು ಬಿಟ್ಟುಬಿಟ್ಟಿದ್ರು.

ಫಲಕದಾಗ ಶತಮಾನ ಐತಿ, ದಿನ್ನಿ ಹೆಸರೈತಿ.
ಸುರದವನ ಹೆಸರಿಲ್ಲ.
ಗುಲಾಮ ಇದ್ದನೋ, ಕೈ ಸುಟ್ಟಕೊಂಡಿದ್ದನೋ.
ಅವನ ಹೇಣ್ತೀನೂ
ಗಂಡನ ಹೆಸರು ಹೇಳಾಂಗಿರಲಿಲ್ಲೇನೋ.

ಮಹಾಪೂರ ಬಂದ ವರ್ಷ
ನಮ್ಮ ಓಣಿಯಾಗ ಟೊಂಕಮಟ ನೀರು.
ನಮ್ಮವ್ವನ ಹಂಡೆ ತೇಲಿಕೋತ ಹೋತು,
ಬಾಗಲದಾಗ ಒಂದ ಸಲ ತಿರುಗಿ.
ಹತ್ತು ದಿನಕ್ಕ ಕೆಲಸಕ್ಕ ಬಂದು
ಗಾಜಿನ ಮುಂದ ನಿಂತು ಬೈದೆ:
ನೀರೆಲ್ಲ ನಿಂದಂತ.
ಏನ ಕಾಯ್ದ್ಯೋ, ಮೂಳಾ,
ನಿನ್ನ ಕೈಯಾಗಿನ ಕೋಲೂ ಉಳಿಸಿಕೊಳ್ಳಲಿಲ್ಲ.

ಸುಮ್ಮನ ನಿಂತಿದ್ದ. ಹಿಡಿ ಹಂಗ ಖಾಲಿ.
ಬೈದು ಬೈದು ನನಗ ಸಾಕಾತು.
ಕೋಲು ಇವಂದೂ ಎಲ್ಲೋ ರಾಡಿಯಾಗ
ಹಸರಾಗಾಕತ್ತಿರಬೇಕು.
ಅದರ ಮಗ್ಗಲ ನಮ್ಮ ಹಂಡೆ.

ಎಂದರ ಅಗೀತಾರ. ಗಾಜಿನಾಗ ಇಡ್ತಾರ.
ಬುಡಕ ನಮ್ಮ ಮಾವ ಹಾಕಿದ ಬೆಸಗಿ ಒಂದೈತಿ,
ಸೊಟ್ಟ, ಉಗರಿನಷ್ಟು.
ಫಲಕದಾಗ ಬರದಿರಾಂಗಿಲ್ಲ.
ಟೊಪ್ಪಿಗಿ ತಗದು ಬಗ್ಗಿ ನೋಡಾವ
ಯಾರರ ಬರಬೇಕು.

ಹತ್ತಾಗಾಕ ಬಂತು.
ಗಾಜು ಒರಸ್ತೀನಿ,
ಹೊರಗಿನ ಬಾಜು ಅಷ್ಟ.