ಹದಿನೇಳನೆಯ ಪ್ರಶ್ನೆ

ಗೆರ್ಬೆನ್ ಹದಿನೇಳನೆಯ ಪ್ರಶ್ನೆಗೆ ಗುರುತು ಹಾಕಿಲ್ಲ.
'ನನಗೆ ಕೇಡು ಮಾಡಿದವನನ್ನು ಕ್ಷಮಿಸಿದ್ದೇನೆ':
ಒಂದೆಂದರೆ ಇಲ್ಲವೇ ಇಲ್ಲ, ಏಳೆಂದರೆ ಪೂರ್ತಿಯಾಗಿ.
ಏಳು ಚೌಕಗಳೂ ಖಾಲಿ.
ಅಂಚಿನಲ್ಲಿ, ಬಡಗಿಯ ಚಪ್ಪಟೆ ಪೆನ್ಸಿಲಿನಲ್ಲಿ
ಬರೆದಿದ್ದಾನೆ ಮುದುಕ:
ಮಂಗಳವಾರ ಕ್ಷಮಿಸಿದೆ. ಬುಧವಾರ ಇಲ್ಲ.
ಇವತ್ತು ಇಳಿತ, ದೋಣಿ ಕೆಸರಲ್ಲಿ ಕೂತಿದೆ,
ಇವತ್ತಿನದು ಇನ್ನೂ ತಿಳಿಯದು.

ಗಣಕದ ಹಾಳೆಯಲ್ಲಿ ಅವನು ಎಂಬತ್ತೆಂಟನೆಯ ಸಾಲು.
ವಯಸ್ಸು ಎಪ್ಪತ್ತೊಂದು, ಕಸುಬು ಸೀಗಡಿ,
ಪ್ರಾರ್ಥನೆ ದಿನಕ್ಕೆರಡು ಬಾರಿ, ನಿದ್ದೆ ನಾಲ್ಕು ತಾಸು.
ಹದಿನೇಳರ ಕೆಳಗೆ ಯಂತ್ರ ತಾನೇ ತುಂಬಿತು ಒಂದು ಪದ:
ಕಾಣೆ.
ಅದೇ ಪದ ಬಂದರಿನ ದಫ್ತರದಲ್ಲೂ ಇದೆ
ಅವನ ಮಗ ಯೊರಿಟ್‌ನ ಹೆಸರಿನ ಮುಂದೆ,
ಹನ್ನೊಂದು ವರ್ಷದಿಂದ.

ನಾನು ಫೆನ್ನಾ. ಫ್ರೀಸ್‌ಲ್ಯಾಂಡಿನ ಇದೇ ದಂಡೆಯ ಹುಡುಗಿ.
ಉದ್ದುದ್ದ ಪ್ರಸಂಗಗಳ ನಡುವೆ
ಬೆಂಚಿನಿಂದ ಬೆಂಚಿಗೆ ದಾಟಿ ಬರುವ
ಪೆಪ್ಪರ್‌ಮಿಂಟು ಚೀಪುತ್ತ ಬೆಳೆದವಳು.
ಗ್ರೋನಿಂಗನ್ನಿನಲ್ಲಿ ಮನಸ್ಸನ್ನು ಅಳೆಯಲು ಕಲಿತೆ.
ಅಲ್ಲಿ ಕೇಳಿದರು: ದೇವರನ್ನು ಒದ್ದೆ ಕೊಡೆಯಂತೆ
ಬಾಗಿಲಾಚೆ ಬಿಟ್ಟು ಬರಬಾರದೇ?
ಇಲ್ಲಿ ಕೇಳಿದರು: ಅಳೆಯಲು ಆತ್ಮವೇನು ಆಲೂಗಡ್ಡೆಯೇ?
ಎರಡೂ ಕಡೆ ನಕ್ಕೆ. ಎರಡೂ ಕಡೆ ಉತ್ತರವಿರಲಿಲ್ಲ.

ನನ್ನ ಊಹೆ ಸರಳ. ಕಡಲು ಕಸಿದುಕೊಂಡ ಮನೆಗಳಲ್ಲಿ
ದಿನವೂ ಮೊಣಕಾಲೂರುವವರ ದುಃಖ ಬೇಗ ಹಗುರಾಗುತ್ತದೆ.
ಇನ್ನೂರ ಹನ್ನೆರಡು ಮನೆ, ಮೂರು ಚಳಿಗಾಲ,
ಒಂದೇ ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕುವ
ಎಷ್ಟೋ ಅಡುಗೆಮನೆ.
ಫಲ: ವ್ಯತ್ಯಾಸವಿಲ್ಲ.
ಬೇಡಿದವರೂ ಬೇಡದವರೂ
ರಾತ್ರಿ ಮೂರಕ್ಕೆ ಒಂದೇ ಬಗೆಯಲ್ಲಿ ಎದ್ದು ಕೂರುತ್ತಾರೆ.

ಹಣ ಕೊಟ್ಟ ಸಭೆಯ ಹಿರಿಯ ವೀಬೆ ಒಳ್ಳೆಯ ಮನುಷ್ಯ.
ಕಾಫಿ ಕಲಕುತ್ತ ಹೇಳಿದ: ಹನ್ನೊಂದು ಮಂದಿ
ಅರ್ಧಂಬರ್ಧ ತುಂಬಿದ್ದಾರಲ್ಲ, ಅವರನ್ನು ಬಿಟ್ಟು ನೋಡು.
ನೋಡಿದೆ.
ಬಿಟ್ಟ ಕೂಡಲೇ ಗೆರೆ ಎದ್ದು ನಿಂತಿತು, ಗಂಟೆಗೋಪುರದ ಹಾಗೆ.
ಇಲ್ಲವೇ ಖಾಲಿ ಚೌಕಕ್ಕೆ ಸರಾಸರಿ ತುಂಬು,
ಎಲ್ಲರೂ ಮಾಡುತ್ತಾರೆ: ನಾಲ್ಕು ದಶಾಂಶ ಮೂರು.
ಕಾಣೆಯಾದವನ ಕುರ್ಚಿಯಲ್ಲಿ
ಊರ ಹುಡುಗರ ಸರಾಸರಿಯನ್ನು ಕೂರಿಸುವುದೇ?

ಆ ರಾತ್ರಿ ತಿಳಿಯಿತು
ನನ್ನ ಶಾಸ್ತ್ರಕ್ಕೆ ನನ್ನ ನಂಬಿಕೆ ಬೇಕಾದದ್ದು ಎಲ್ಲಿ ಎಂದು.
ಊಹೆಯಲ್ಲಲ್ಲ. ಫಲದಲ್ಲಂತೂ ಅಲ್ಲ.
ಮನುಷ್ಯನ ಹೃದಯ ವಂಚಕವೆಂದು ಚಿಕ್ಕಂದಿನಲ್ಲೇ
ಬಾಯಿಪಾಠ ಮಾಡಿಸಿದ್ದರು;
ಅದು ಹಾಳೆ ತುಂಬುವವರ ಮಾತು ಎಂದುಕೊಂಡಿದ್ದೆ.
ಯಾರು ಯಾವ ಗುಂಪಿನವರೆಂದು ತಿಳಿಯದಂತೆ
ಅಳೆಯುವವಳ ಕಣ್ಣಿಗೇ ಬಟ್ಟೆ ಕಟ್ಟುವ ನಿಯಮವಿದೆಯಲ್ಲ,
ಅದಕ್ಕಿಂತ ಪ್ರಾಮಾಣಿಕವಾದ ಪಾಪನಿವೇದನೆಯನ್ನು
ಚರ್ಚಿನಲ್ಲೂ ನಾನು ಕೇಳಿಲ್ಲ.
ಸುಳ್ಳುಸಾಕ್ಷಿ ಬೇಡವೆಂಬ ಮಾತು
ದೇವರ ಪರವಾದ ಸುಳ್ಳಿಗೂ ಸಲ್ಲುತ್ತದೆ.
ಇದ್ದದ್ದನ್ನು ಇದ್ದ ಹಾಗೆ ಬರೆದೆ.
ಎದ್ದು ಬಂದು ಎದೆಗೆ ಒದ್ದದ್ದು
ನನ್ನದೇ ಊಹೆ.

ಶನಿವಾರ ಗೆರ್ಬೆನ್‌ನ ಮನೆಗೆ ಹೋದೆ.
ಕಡಲೇರಿಯ ಮೇಲೆ ಕುರಿಗಳು, ಗಾಳಿಗೆ ಬೆನ್ನು ಕೊಟ್ಟು.
ಬಲೆಯ ಹರಿದ ಕಣ್ಣು ಹೆಣೆಯುತ್ತ ಕೇಳಿಸಿಕೊಂಡ.
"ಹಾಗಾದರೆ ಪ್ರಾರ್ಥನೆ ಕೆಲಸ ಮಾಡುವುದಿಲ್ಲ?"
ಕೆಲಸ ಮಾಡಲು ಅದೇನು ನಮ್ಮ ಆಳೇ, ಎನ್ನಬೇಕೆಂದಿದ್ದೆ;
ಜಾಣತನವೆನಿಸಿ ನುಂಗಿಕೊಂಡೆ.
"ನಿದ್ದೆ ಬರಿಸುವುದಿಲ್ಲ," ಎಂದೆ. "ಅಷ್ಟೇ ಗೊತ್ತು."
"ಅದು ನನಗೂ ಗೊತ್ತಿತ್ತು," ಎಂದು ದಾರ ಕಚ್ಚಿ ಕಡಿದ.

ಆಮೇಲೆ, ತಲೆಯೆತ್ತದೆ:
"ಆ ಸಿಬ್ರೆನ್. ಅವನೂ ತುಂಬಿದನೇ ನಿನ್ನ ಹಾಳೆ?
ಹದಿನೇಳಕ್ಕೆ ಏನು ಬರೆದ?"
ಅವತ್ತು ಚುಕ್ಕಾಣಿ ಹಿಡಿದಿದ್ದವನು ಸಿಬ್ರೆನ್.
"ಹೇಳುವಂತಿಲ್ಲ," ಎಂದೆ.
ಮೋಡ ನೋಡುವ ಹಾಗೆ ನನ್ನ ಮುಖ ನೋಡಿದ, ಬಹಳ ಹೊತ್ತು.
ಎದ್ದು ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತಂದ.
ತೆಗೆದ ಮುಚ್ಚಳ
ನಾನು ಹೊರಡುವವರೆಗೂ ಮೇಜಿನ ಮೇಲೇ ಇತ್ತು.